ಕೊಳಗದ ನಟ್ಟನಡುವಿನ ಬಿಸಿ

ರಾತ್ರಿ ಹತ್ತೂಮುಕ್ಕಾಲು. ಒಂದು ದೊಡ್ಡ ಕ್ಯಾಂಟೀನಿನ ಅಡುಗೆಮನೆ. ನಾಲ್ಕು ಕೊಳಗದ ತುಂಬ ಅಡುಗೆ ಮಿಕ್ಕಿದೆ. ಬಡಿಸದೇ ಉಳಿದ ಅಡುಗೆ, ಎಂಜಲಲ್ಲ. ಅದನ್ನು ಹಸಿದವರಿಗೆ ತಲುಪಿಸೋಕೆ ಬಂದಿದ್ದ ಹುಡುಗಿ ಮುಚ್ಚಳ ತೆಗೆದಳು. ಮೂಸಲಿಲ್ಲ, ರುಚಿಯೂ ನೋಡಲಿಲ್ಲ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದನ್ನು ಕೊಳಗದ ನಟ್ಟನಡುವೆ ಚುಚ್ಚಿದಳು. ಮೊದಲ ಮೂರರಲ್ಲಿ 68, 71, 66 ಡಿಗ್ರಿ. ನಾಲ್ಕನೆಯದರಲ್ಲಿ 44.

"ಇದು ಬೇಡ ಅಣ್ಣ" ಅಂದಳು.

ಅಡುಗೆಯವರಿಗೆ ರೇಗಿತು. "ವಾಸನೆ ನೋಡಮ್ಮ, ಘಮ ಅಂತಿದೆ. ಅಷ್ಟು ಅನುಮಾನ ಇದ್ರೆ ಇನ್ನೊಂದ್ಸಲ ಕುದಿಸಿದ್ರೆ ಆಯ್ತು!"

ಪಕ್ಕದಲ್ಲಿ ನಿಂತಿದ್ದ ನನಗೂ ಆ ಹೊತ್ತಿಗೆ ಅವರ ಮಾತೇ ಸರಿ ಅನ್ನಿಸಿತ್ತು. ಒಂದು ಕಡೆ ಹಸಿದವರು, ಇನ್ನೊಂದು ಕಡೆ ಕೊಳಗದ ತುಂಬ ಊಟ, ನಡುವೆ ಈ ಹುಡುಗಿಯ ಕಡ್ಡಿ. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ಅಡುಗೆಯವರ ಎರಡು ಮಾತೂ ತಪ್ಪು. ಆದರೆ ಈ ಎರಡು ಮಾತನ್ನು ನಂಬದ ಮನೆ ಒಂದಾದರೂ ಇದೆಯಾ?

ಮೊದಲು ಮೂಗಿನ ವಿಷಯ. ಊಟ ಹಳಸಿದಾಗ ಬರುವ ವಾಸನೆಗೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಕ್ಕೂ ನೇರ ಸಂಬಂಧ ಇಲ್ಲ. ಹಳಸಿಸುವ ಜೀವಿಗಳು ಬೇರೆ, ಕಾಯಿಲೆ ತರುವವು ಬೇರೆ. ಎಷ್ಟೋ ಸಲ ಎರಡೂ ಒಟ್ಟಿಗೆ ಇರುತ್ತವೆ ಅಂತ ನಾವು ಮೂಗನ್ನು ನಂಬಿದ್ದೇವೆ ಅಷ್ಟೆ. ಕಾಯಿಲೆ ತರುವ ಜೀವಿ ಒಂದೇ ಬೆಳೆದಿದ್ದರೆ ಊಟ ಘಮ ಘಮ ಅಂತಲೇ ಇರಬಹುದು. ಗಲಾಟೆ ಮಾಡುವ ಕಳ್ಳ ಸಿಕ್ಕಿಬೀಳ್ತಾನೆ, ಸದ್ದಿಲ್ಲದವನು ಸಿಗಲ್ಲ.

ಇನ್ನು ಕುದಿಸೋದು. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಲೇಬೇಕು, ಯಾಕಂದ್ರೆ ಈ ಕಥೆ ನನಗೆ ತುಂಬಾ ಇಷ್ಟ. 1870ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಲ್ ಎಂಬ ಭೌತವಿಜ್ಞಾನಿ ಒಣಹುಲ್ಲಿನ ಕಷಾಯವನ್ನು ಕುದಿಸಿ, ಮುಚ್ಚಿಟ್ಟು, ಅದರಲ್ಲಿ ಏನೂ ಬೆಳೆಯುವುದಿಲ್ಲ ಅಂತ ತೋರಿಸಲು ಹೊರಟಿದ್ದ. ಬೆಳೆಯಿತು. ಮತ್ತೆ ಕುದಿಸಿದ, ಮತ್ತೆ ಬೆಳೆಯಿತು. ಅದೇ ಕಾಲಕ್ಕೆ, 1876ರಲ್ಲಿ, ಫರ್ಡಿನೆಂಡ್ ಕೋನ್ ಎಂಬ ಸಸ್ಯವಿಜ್ಞಾನಿ ಇದರ ಗುಟ್ಟು ಬಿಚ್ಚಿಟ್ಟ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದಾಗ ಸ್ಪೋರ್ ಆಗಿಬಿಡುತ್ತವೆ, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋಗುತ್ತವೆ, ಬೇಸಿಗೆಯಲ್ಲಿ ಮಣ್ಣೊಳಗೆ ಅಡಗಿ ಮಳೆ ಬಿದ್ದಾಗ ಮೇಲೆ ಬರುವ ಕಪ್ಪೆಯ ಹಾಗೆ. ಸ್ಪೋರ್‌ಗೆ ಕುದಿಯುವ ನೀರು ಲೆಕ್ಕಕ್ಕಿಲ್ಲ. ಟಿಂಡಲ್ ಕೊನೆಗೆ ಮಾಡಿದ್ದು ಜಾಣತನ: ಒಂದೇ ಸಲ ಜೋರಾಗಿ ಕುದಿಸೋ ಬದಲು ಬಿಸಿ ಮಾಡಿ ಬಿಟ್ಟ, ಸ್ಪೋರ್‌ಗಳು ಎಚ್ಚರಗೊಂಡು ಬ್ಯಾಕ್ಟೀರಿಯಾ ಆದಾಗ ಮತ್ತೆ ಬಿಸಿ ಮಾಡಿದ, ಹೀಗೆ ಹಲವು ಸಲ. ಎದ್ದವರನ್ನು ಎದ್ದಾಗಲೇ ಹಿಡಿಯೋದು.

ಅಡುಗೆಮನೆಯಲ್ಲಿ ಈ ಸ್ಪೋರ್ ಗುಂಪಿನ ದೊಡ್ಡ ತಲೆನೋವು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್. ದೊಡ್ಡ ಪಾತ್ರೆಯ ಅಡುಗೆ ಅಂದರೆ ಇದಕ್ಕೆ ಅರಮನೆ. ಅಡುಗೆ ಕುದಿಯುವಾಗ ಸ್ಪೋರ್ ಆಗದ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಇದರ ಸ್ಪೋರ್ ಉಳಿಯುತ್ತದೆ. ಕುದಿತದಿಂದ ಆಮ್ಲಜನಕ ಹೊರಟುಹೋಗುತ್ತದೆ, ಇದಕ್ಕೆ ಆಮ್ಲಜನಕ ಇಲ್ಲದ ಜಾಗವೇ ಬೇಕು. ಸಾಲದ್ದಕ್ಕೆ ಆ ಬಿಸಿಯೇ ಸ್ಪೋರ್‌ಗೆ ಅಲಾರಂ. ಆಮೇಲೆ ಅಡುಗೆ ಆರುತ್ತಾ 43–45 ಡಿಗ್ರಿ ಹತ್ತಿರ ಬಂದಾಗ ಇದು ಸುಮಾರು ಹತ್ತು ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ಒಂದರಿಂದ ಶುರು ಮಾಡಿ ಲೆಕ್ಕ ಹಾಕಿ. ಒಂದು ಗಂಟೆಗೆ 64. ಎರಡಕ್ಕೆ 4,096. ಅದೇ ವೇಗ ಹಿಡಿದರೆ ನಾಲ್ಕು ಗಂಟೆಗೆ 1 ಕೋಟಿ 67 ಲಕ್ಷ ದಾಟುತ್ತದೆ.

ಹುಡುಗಿಯ ಥರ್ಮಾಮೀಟರ್ ತೋರಿಸಿದ್ದು ಎಷ್ಟು? 44.

ಪರ್‌ಫ್ರಿಂಜೆನ್ಸ್ ಆದರೂ ಎಚ್ಚರಗೊಂಡ ಮೇಲೆ ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಇದರ ದಾಯಾದಿ ಇದೆ, ಬ್ಯಾಸಿಲಸ್ ಸೀರಿಯಸ್. ಅನ್ನದಂಥ ಪಿಷ್ಟದ ಅಡುಗೆಯಲ್ಲಿ ಬೆಳೆಯುವುದು, ವಾಂತಿ ಮಾಡಿಸುವುದು. ಇದು ಬಿಟ್ಟುಹೋಗುವ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಹಾಳಾಗುವುದಿಲ್ಲ. ಕುದಿಸಿ ಬ್ಯಾಕ್ಟೀರಿಯಾ ಸಾಯಿಸಬಹುದು. ಕಳ್ಳ ಸತ್ತ, ಸರಿ. ಅವನು ಬಾವಿಗೆ ಹಾಕಿಹೋದ ವಿಷ ಎಲ್ಲಿಗೆ ಹೋಗುತ್ತೆ?

ಹಾಗಾಗಿ ಉಳಿದ ಊಟ ಕಾಪಾಡಲು ಎರಡೇ ದಾರಿ. 60 ಡಿಗ್ರಿ ಮೇಲೆ ಬಿಸಿಯಾಗೇ ಇಡಬೇಕು, ಇಲ್ಲವೇ 5 ಡಿಗ್ರಿ ಕೆಳಗೆ ಇಳಿಸಬೇಕು. (ದೇಶದಿಂದ ದೇಶಕ್ಕೆ ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ.) ನಡುವಿನ ಜಾಗದಲ್ಲಿ ಇದ್ದಷ್ಟು ಹೊತ್ತೂ ಮೀಟರ್ ಓಡುತ್ತಿರುತ್ತದೆ. ಅಮೆರಿಕದ ಫುಡ್ ಕೋಡ್ ಪ್ರಕಾರ 57ರಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆ. ಮೊದಲ ಹಂತಕ್ಕೆ ಅಷ್ಟು ಅವಸರ ಯಾಕೆ ಅಂತ ಈಗ ಹೇಳಬೇಕಾಗಿಲ್ಲ.

"ಅದಕ್ಕೇನು, ಫ್ರಿಜ್‌ನಲ್ಲಿ ಇಟ್ಟರಾಯಿತು" ಅಂದ್ಕೊಂಡ್ರಾ? ನನಗೆ ಇಡೀ ವಿಷಯದಲ್ಲಿ ಮಜಾ ಅನ್ನಿಸಿದ್ದೇ ಇಲ್ಲಿ. ಕೊಳಗವನ್ನು ಹಾಗೇ ತಣ್ಣನೆ ಕೋಣೆಗೆ ತಳ್ಳಿದರೆ ಅಂಚು ತಣ್ಣಗಾಗುತ್ತದೆ, ನಡುಭಾಗ ಬೆಳಗಿನವರೆಗೂ ಬೆಚ್ಚಗೇ ಇರಬಹುದು. ಗಟ್ಟಿ ಅಡುಗೆಯೊಳಗೆ ಬಿಸಿ ಓಡುವುದಿಲ್ಲ, ಒಂದು ಪದರದಿಂದ ಪಕ್ಕದ ಪದರಕ್ಕೆ ದಾಟುತ್ತಾ ಹೋಗಬೇಕು. ಗಿಜಿಗುಟ್ಟುವ ಬಸ್ಸಿನ ನಡುವೆ ಸಿಕ್ಕಿಕೊಂಡವನು ಬಾಗಿಲಿಗೆ ಬಂದಂತೆ, ಪಕ್ಕದವನು ಸರಿಯದೆ ಇವನು ಸರಿಯೋ ಹಾಗಿಲ್ಲ. ಅಥವಾ ಕುಡಿದವನ ನಡಿಗೆ ನೆನೆಸಿಕೊಳ್ಳಿ: ಒಂದು ಹೆಜ್ಜೆ ಮುಂದೆ, ಒಂದು ಹಿಂದೆ, ಒಂದು ಪಕ್ಕಕ್ಕೆ, ಮುಂದಿನದು ಯಾವ ಕಡೆಗೋ ಅವನಿಗೇ ಗೊತ್ತಿಲ್ಲ. ದೂರ ಎರಡು ಪಟ್ಟಾದರೆ ಅವನಿಗೆ ಬೇಕಾಗುವ ಸಮಯ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬಿಸಿಯದ್ದೂ ಅದೇ ಲೆಕ್ಕ. ಆಳ ಎರಡರಷ್ಟಾದರೆ ಹೊರಗೆ ಹೋಗಬೇಕಾದ ಬಿಸಿಯೂ ಎರಡರಷ್ಟು, ಹೋಗಬೇಕಾದ ದಾರಿಯೂ ಎರಡರಷ್ಟು. ಎರಡೆರಡ್ಲಿ ನಾಲ್ಕು. ಈ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲೇ ಬರೆದಿಟ್ಟಿದ್ದ. ಪಾಪ, ಅವನ ತಲೆಯಲ್ಲಿ ಕ್ಯಾಂಟೀನ್ ಇದ್ದಿರಲಿಕ್ಕಿಲ್ಲ.

ಈಗ ತಿರುಗಿಸಿ ನೋಡಿ. 20 ಸೆಂಟಿಮೀಟರ್ ಆಳ ಇರುವ ಅಡುಗೆಯನ್ನು 5 ಸೆಂಟಿಮೀಟರ್ ಆಳದ ಅಗಲ ಟ್ರೇಗಳಿಗೆ ಸುರಿದರೆ ಸಮಯ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಿಜವಾದ ಅಡುಗೆಮನೆಯಲ್ಲಿ ಗಾಳಿ, ಪಾತ್ರೆ, ಮುಚ್ಚಳ ಎಲ್ಲ ಸೇರಿ ಇಷ್ಟು ಚೊಕ್ಕವಾಗಿ ಬರಲ್ಲ, ಆದರೂ ದಿಕ್ಕು ಇದೇ. ದುಬಾರಿ ಯಂತ್ರ ಬೇಕಿಲ್ಲ. ಬೇಕಾಗಿರೋದು ಚಪ್ಪಟೆ ಪಾತ್ರೆ!

ಊಟ ಹಂಚುವವರ ಇತಿಹಾಸದಲ್ಲೂ ಈ ಬಿಸಿಯ ತೊಂದರೆ ಕಾಣುತ್ತದೆ. 1967ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗೆಲ್ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರು ಮಾಡಿದರು, ಜಗತ್ತಿನ ಮೊದಲ ಫುಡ್ ಬ್ಯಾಂಕ್ ಅದು. ಅಂಗಡಿಯ ಕಸದಿಂದ ಆಯ್ದು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು ಅವರಿಗೆ ಈ ಯೋಚನೆ ಕೊಟ್ಟಳಂತೆ. ಬ್ಯಾಂಕ್ ಅನ್ನೋ ಹೆಸರೇ ಹೇಳುವ ಹಾಗೆ ಅದು ಕೂಡಿಡುವ ಕೆಲಸ. ಡಬ್ಬಿ, ಪೊಟ್ಟಣ ಕೂಡಿಡಬಹುದು, ಬಿಸಿ ಅಡುಗೆಯನ್ನು ಕೂಡಿಡೋಕಾಗುತ್ತಾ? ಅದಕ್ಕೆ ಗೋದಾಮಿಗಿಂತ ಗಾಡಿ ಮುಖ್ಯ. 1982ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಸಿಟಿ ಹಾರ್ವೆಸ್ಟ್ ಆ ದಾರಿ ಹಿಡಿಯಿತು, ಮಿಕ್ಕಿದ್ದನ್ನು ಎತ್ತಿಕೊಂಡು ನೇರ ಹಸಿದವರಿಗೆ ಊಟ ಹಾಕುವ ಜಾಗಗಳಿಗೆ ಮುಟ್ಟಿಸಿತು.

ಕೊಡುವವರ ಭಯ ಇನ್ನೊಂದು. ಯಾರಿಗಾದರೂ ಏನಾದರೂ ಆದರೆ? 1996ರ ಅಮೆರಿಕದ ಕಾನೂನು ಒಳ್ಳೆಯ ಮನಸ್ಸಿನಿಂದ ಕೊಟ್ಟವರಿಗೆ ರಕ್ಷಣೆ ಕೊಟ್ಟಿತು, ತೀರಾ ಬೇಜವಾಬ್ದಾರಿ ತೋರಿದವರಿಗೆ ಇಲ್ಲ. ಫ್ರಾನ್ಸ್ 2016ರಲ್ಲಿ ಮುಂದಕ್ಕೆ ಹೋಗಿ, 400 ಚದರ ಮೀಟರಿಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಿನ್ನಬಹುದಾದ್ದನ್ನು ಹಾಳುಗೆಡವಬಾರದು, ಸಂಸ್ಥೆಗಳ ಜೊತೆ ದಾನದ ಒಪ್ಪಂದ ಮಾಡಿಕೊಳ್ಳಬೇಕು ಎಂದಿತು. ಒಳ್ಳೆಯದೇ. ಆದರೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಲ್ಲಿ 2022ರಲ್ಲಿ ಪೋಲಾದ 105 ಕೋಟಿ ಟನ್ ಆಹಾರದಲ್ಲಿ (ಸಿಪ್ಪೆ, ಮೂಳೆ ಎಲ್ಲ ಸೇರಿ) ಅಂಗಡಿಗಳ ಪಾಲು ಸುಮಾರು 12%. ಹೋಟೆಲ್, ಕ್ಯಾಂಟೀನ್‌ಗಳದ್ದು 28%. ಉಳಿದ 60% ನಮ್ಮ ನಮ್ಮ ಮನೆಗಳದ್ದು, ಅಲ್ಲಿಗೆ ಯಾವ ವ್ಯಾನೂ ಬರಲ್ಲ.

ಆ ರಾತ್ರಿ ಮೂರು ಕೊಳಗ ಬಿಸಿ ಹಿಡಿದಿಡುವ ದಪ್ಪನೆಯ ಪೆಟ್ಟಿಗೆಗಳಲ್ಲಿ ವ್ಯಾನ್ ಹತ್ತಿದವು. ಹುಡುಗಿ ಪ್ರತಿ ಪೆಟ್ಟಿಗೆ ಮೇಲೂ ಟೇಪ್ ಅಂಟಿಸಿ ಹೊತ್ತು ಮತ್ತು ಡಿಗ್ರಿ ಬರೆದಳು. ನಾಲ್ಕನೆಯದನ್ನು ಜಾಗ ಬೇಕೂಂತ ಸಂಜೆಯೇ ಒಲೆಯಿಂದ ಇಳಿಸಿದ್ದರಂತೆ. ಅದು ಗೊಬ್ಬರದ ಡ್ರಮ್ಮಿಗೆ ಹೋಯಿತು, ಅಡುಗೆಯವರು ತಾವೇ ಸುರಿದರು, ಮುಖ ಗಂಟು ಹಾಕಿಕೊಂಡು. ಸುರಿದು ಕೈ ಒರೆಸಿಕೊಳ್ಳುತ್ತಾ ಕೇಳಿದರು, "ಇದನ್ನೂ ಒಲೆ ಮೇಲೇ ಬಿಟ್ಟಿದ್ರೆ?"

"ತಗೊಂಡು ಹೋಗ್ತಿದ್ದೆ ಅಣ್ಣ."