ಬೀಸುವ ಕಲ್ಲು ಮತ್ತು ಬಿಸಿಲಿನ ಕರೆಂಟು

ತಿಕೋಟಾ ಹತ್ತಿರ ನಮ್ಮ ಸೋದರಮಾವನ ದ್ರಾಕ್ಷಿ ತೋಟದಲ್ಲಿ ಸೌರ ಪಂಪ್‌ಸೆಟ್ ಇದೆ. ಕಳೆದ ಶ್ರಾವಣದಲ್ಲಿ ಅಲ್ಲಿಗೆ ಹೋಗಿದ್ದಾಗ, ಹೊಂಡಕ್ಕೆ ನೀರು ಬೀಳುವ ಪೈಪಿನ ಬಾಯಿಯನ್ನೇ ನೋಡುತ್ತ ಕುಳಿತಿದ್ದೆ. ಮೊಳದುದ್ದ ಚಿಮ್ಮುತ್ತಿದ್ದ ಧಾರೆ, ಒಂದು ಮೋಡ ಅಡ್ಡ ಬಂದದ್ದೇ ತಡ, ಕುಗ್ಗಿ ಪೈಪಿನ ಅಂಚಿಗೆ ಅಂಟಿಕೊಂಡು ಸೋರತೊಡಗಿತು. ಮೋಡ ಸರಿಯಿತು, ಧಾರೆ ಮತ್ತೆ ಚಿಮ್ಮಿತು. ಮಾವನಿಗೆ ಇದರ ಚಿಂತೆ ಇಲ್ಲ. ಸಂಜೆಯೊಳಗೆ ಹೊಂಡ ತುಂಬಿದರೆ ಆಯಿತು. "ಎಲ್ಲ ಕಡೆ ಹೀಗೆ ಪ್ಯಾನೆಲ್ ಹಾಕಿಬಿಟ್ಟರೆ ಕೂಡಗಿಗೆ ಬೀಗ ಜಡಿಯಬಹುದಲ್ಲವೇನೋ?" ಎಂದರು. ಕೂಡಗಿ ಎಂದರೆ ನಮ್ಮ ಜಿಲ್ಲೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ.

ರಾತ್ರಿ ಬಿಸಿಲಿರುವುದಿಲ್ಲ ಎಂಬ ಉತ್ತರ ಮಕ್ಕಳಿಗೂ ಗೊತ್ತು, ಅದನ್ನು ಬಿಡೋಣ. ನನ್ನನ್ನು ಕಾಡುವುದು ಹಾಡಹಗಲಿನ ತೊಡಕು. ಮಾವನಿಗಿರುವಂತಹ ಹೊಂಡ ವಿದ್ಯುತ್ ಜಾಲಕ್ಕಿಲ್ಲ. ತಂತಿಯೊಳಗೆ ಕರೆಂಟು ತುಂಬಿಕೊಂಡು ಕಾಯುತ್ತಿರುವುದಿಲ್ಲ. ಈ ಕ್ಷಣ ಎಷ್ಟು ಬಳಕೆಯೋ, ಈ ಕ್ಷಣವೇ ಅಷ್ಟು ಉತ್ಪಾದನೆ ಆಗಬೇಕು.

ನಮ್ಮ ಅಜ್ಜಿ ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದಳು. ಎಡಗೈಯಿಂದ ಒಂದು ಹಿಡಿ ಕಾಳು ಸುರಿದ ಕೂಡಲೇ ಕಲ್ಲಿನ ಗರಗರ ಸದ್ದು ತುಸು ತಗ್ಗುತ್ತಿತ್ತು. ಬಲಗೈ ಗೂಟವನ್ನು ಬಿಗಿಯಾಗಿ ತಳ್ಳಿದ ಮೇಲೆ ಮತ್ತೆ ಹದಕ್ಕೆ ಬರುತ್ತಿತ್ತು. ಆ ನಡುವಿನ ಗಳಿಗೆಯಲ್ಲಿ ಕಾಳನ್ನು ನುರಿಸಿದ್ದು ಯಾರ ಬಲ? ಅಜ್ಜಿಯದಲ್ಲ, ತಿರುಗುತ್ತಿದ್ದ ಕಲ್ಲಿನದು. ತನ್ನ ವೇಗದಲ್ಲಿ ಅಡಗಿದ್ದ ಶಕ್ತಿಯನ್ನು ಅದು ಸಾಲ ಕೊಟ್ಟಿತ್ತು. ಕಲ್ಲು ಹಗುರವಾಗಿದ್ದರೆ ಗಕ್ಕನೆ ನಿಂತುಬಿಡುತ್ತಿತ್ತು.

ಕೂಡಗಿಯಲ್ಲಿ ಇಂತಹ ಮೂರು ಕಲ್ಲುಗಳಿವೆ, ಎಂದರೆ ಉಗಿಯಿಂದ ತಿರುಗುವ ವಿದ್ಯುತ್ ಯಂತ್ರಗಳು. ಒಂದೊಂದು 800 ಮೆಗಾವಾಟ್‌ನದು, ನಿಮಿಷಕ್ಕೆ 3000 ಸುತ್ತು. ಎಂದರೆ ಸೆಕೆಂಡಿಗೆ 50, ಅದೇ ನಮ್ಮ ವಿದ್ಯುತ್ತಿನ 50 ಹರ್ಟ್ಜ್. ಆಲಮಟ್ಟಿಯ ನೀರಿನ ಯಂತ್ರಗಳು ನಿಧಾನವಾಗಿ ಸುತ್ತುತ್ತವೆ, ಆದರೆ ಹೆಚ್ಚಿನ ಕಾಂತಧ್ರುವಗಳಿರುವುದರಿಂದ ತಾಳ ಮಾತ್ರ ಅದೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಬೆಸೆದುಕೊಂಡಿತು. ಅಂದಿನಿಂದ ನಮ್ಮ ಯಂತ್ರಗಳೂ ಪಂಜಾಬಿನ ಯಂತ್ರಗಳೂ ಒಂದೇ ಹೆಜ್ಜೆ ಮೇಳ. ಎಲ್ಲೋ ಒಂದು ಸ್ಥಾವರ ಕೈಕೊಟ್ಟರೆ ಉಳಿದವೆಲ್ಲ ಒಂದಿಷ್ಟು ನಿಧಾನವಾಗಿ, ತಮ್ಮ ತಿರುಗುವಿಕೆಯಿಂದಲೇ ಕೊರತೆ ತುಂಬುತ್ತವೆ. ನೂರು ಜೋಡಿ ಎತ್ತು ಹೂಡಿದ ಬಂಡಿಯಲ್ಲಿ ಒಂದು ಜೋಡಿ ಮುಗ್ಗರಿಸಿದ ಹಾಗೆ. ಒಂದು ಯಂತ್ರದ ತಿರುಗುವಿಕೆಯಲ್ಲಿ ಇರುವುದು ಅದರ ಪೂರ್ಣ ಸಾಮರ್ಥ್ಯದ ಮೂರ್ನಾಲ್ಕು ಸೆಕೆಂಡಿನ ಶಕ್ತಿ ಮಾತ್ರ. ಇಷ್ಟೇನಾ ಎಂದು ನಗಬೇಡಿ. ಉಗಿಯ ಕವಾಟಗಳು ತೆರೆದುಕೊಳ್ಳಲು ಸಿಗುವ ಸಮಯವೇ ಅದು.

ಸೌರ ಫಲಕಕ್ಕೆ ಈ ಕಲ್ಲೇ ಇಲ್ಲ! ಅದರ ಕರೆಂಟನ್ನು ಜಾಲಕ್ಕೆ ಹೊಂದುವಂತೆ ಬದಲಿಸುವ ಇನ್ವರ್ಟರ್ ಸಾಮಾನ್ಯವಾಗಿ ಜಾಲದ ತಾಳ ಕೇಳಿಸಿಕೊಂಡು ದನಿಗೂಡಿಸುತ್ತದೆ. ಭಜನೆಯಲ್ಲಿ ಹಿಂದಾಡುವವರ ಹಾಗೆ. ಎಲ್ಲರೂ ಹಿಂದಾಡುವವರೇ ಆದರೆ ಮುಂದೆ ಹಾಡುವವರು ಯಾರು? ಈಗಿನ ಗಾಳಿಯಂತ್ರಗಳದ್ದೂ ಬಹುಮಟ್ಟಿಗೆ ಇದೇ ಕಥೆ. ರೆಕ್ಕೆ ಎಷ್ಟೇ ಭಾರವಿರಲಿ, ನಡುವೆ ಎಲೆಕ್ಟ್ರಾನಿಕ್ಸ್ ಕುಳಿತಿರುವುದರಿಂದ ಆ ಭಾರ ಜಾಲಕ್ಕೆ ನೇರವಾಗಿ ತಟ್ಟುವುದಿಲ್ಲ.

ಗಾಳಿಯಂತ್ರ ಎಂದೊಡನೆ ಸಿಟ್ಟೂ ಬರುತ್ತದೆ. ಅವು ಮೋಡ ಓಡಿಸುತ್ತವೆ ಎಂದು ಓದಿದವರೂ ಹೇಳುವುದನ್ನು ಕೇಳಿದ್ದೇನೆ. ಮಳೆ ಸುರಿಸುವ ಮೋಡ ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಬೆಳೆದಿರುತ್ತದೆ, ಅದರ ಮುಂದೆ ಈ ರೆಕ್ಕೆ ಯಾವ ಲೆಕ್ಕ? ವಿಜಯಪುರದ ಮಳೆ ಕಸಿಯುವುದು ಸಹ್ಯಾದ್ರಿ. ಖಾನಾಪುರದ ಕಾಡಿನಲ್ಲಿ ಸುರಿದು ಮುಗಿಸಿದ ಗಾಳಿ ನಮ್ಮ ಕಡೆಗೆ ಬರಿಗೈಯಲ್ಲಿ ಬರುತ್ತದೆ, ಆದಿಲ್‌ಶಾಹಿ ಕಾಲದಲ್ಲೂ ಹಾಗೆಯೇ ಬರುತ್ತಿತ್ತು. ನೀರಿನಿಂದ ಕರೆಂಟು ತೆಗೆದರೆ ನೀರಿನ ಸತ್ವ ಹೋಗುತ್ತದೆ ಎಂಬ ಮಾತೂ ಇದೇ ಜಾತಿಯದು. ಗೋಕಾಕ ಜಲಪಾತದಲ್ಲಿ 1887ರಲ್ಲೇ ವಿದ್ಯುತ್ ಉತ್ಪಾದನೆಯಾಯಿತು ಎನ್ನುತ್ತಾರೆ. ಡಾರ್ಜಿಲಿಂಗ್ ಬಳಿಯದು 1897, ಎಲ್ಲರೂ ಹೊಗಳುವ ಶಿವನಸಮುದ್ರ 1902. ಘಟಪ್ರಭೆಯ ನೀರು ಕುಡಿದ ಹೊಲಗಳು ಇಂದಿಗೂ ಬೆಳೆ ಕೊಡುತ್ತಿವೆ. ಬೇಸಿಗೆಯಲ್ಲಿ ಮಾತ್ರ ಗೋಕಾಕ ಜಲಪಾತದಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ನಿಸರ್ಗ ಕೊಟ್ಟಾಗಷ್ಟೇ ಶಕ್ತಿ ಎಂಬ ಫಜೀತಿ ಅಂದಿನದೇ.

ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ಉಗಿಯಿಂದ ಟರ್ಬೈನ್ ತಿರುಗಿಸುತ್ತವೆ, ಅಂದರೆ ಅಲ್ಲಿ ನಿಜವಾದ ಕಲ್ಲು ಇದೆ. ಆದರೆ ಅದು ಕಬ್ಬು ನುರಿಸುವ ಹಂಗಾಮಿನಲ್ಲಿ ಮಾತ್ರ. ಜೂನ್‌ನಿಂದ ಗಾಳಿ ಜೋರಾಗುವ ಹೊತ್ತಿಗೆ ಕಾರ್ಖಾನೆಗಳ ಚಿಮಣಿ ತಣ್ಣಗಾಗಿರುತ್ತದೆ. ಸವದತ್ತಿ ಬಳಿಯ ಪಂಪ್ಡ್ ಸ್ಟೋರೇಜ್ ಯೋಜನೆ ನನಗೆ ಹಿಡಿಸುವುದು ಇದಕ್ಕೇ. ಹಗಲಿನ ಬಿಸಿಲಿನಿಂದ ನೀರನ್ನು ಮೇಲಿನ ಕೆರೆಗೆ ಏರಿಸಿ, ಸಂಜೆ ಕೆಳಗಿಳಿಸುವಾಗ ಕರೆಂಟೂ ಬರುತ್ತದೆ, ತಿರುಗುವ ಭಾರವೂ ಸಿಗುತ್ತದೆ.

ಆಸ್ಟ್ರೇಲಿಯಾದವರು ಇನ್ನೊಂದು ದಾರಿ ಹಿಡಿದರು. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯವೇ ಕತ್ತಲಾಯಿತು. ಮುಂದೆ ಅಲ್ಲಿ ನಾಲ್ಕು ದೈತ್ಯ ಯಂತ್ರಗಳನ್ನು ಕೂರಿಸಿದರು. ಸಿಂಕ್ರೊನಸ್ ಕಂಡೆನ್ಸರ್ ಎಂದು ಹೆಸರು. ಅವು ಕರೆಂಟು ಉತ್ಪಾದಿಸುವುದಿಲ್ಲ. ಭಾರದ ಚಕ್ರ ಹೊತ್ತು, ಜಾಲದಿಂದಲೇ ಚೂರು ಕರೆಂಟು ತಿಂದು, ಸುಮ್ಮನೆ ತಿರುಗುತ್ತಿರುತ್ತವೆ.

ಇದನ್ನು ಹೇಳಿದಾಗ ಮಾವ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, "ಹಿಟ್ಟು ಬೀಸದ ಕಲ್ಲು ತಿರುಗಿಸುವುದಕ್ಕೂ ರೊಕ್ಕ ಕೊಡುತ್ತಾರೇನೋ?" ಎಂದರು. ಕೊಡುತ್ತಾರೆ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಇನ್ನೊಂದು ಮೋಡ ಬಂದಿತ್ತು, ಧಾರೆ ಮತ್ತೆ ಸೊರಗಿತ್ತು. ಹೊಂಡ ಎಷ್ಟು ತುಂಬಿದೆ ಎಂದು ಕೋಲು ಇಳಿಸಿ ನೋಡಲು ಅವರು ಎದ್ದು ಹೋದರು.