ಪದಕಕ್ಕೂ ಒಂದು ಕಾಯ್ದೆ ಏಕೆ ಬೇಕಾಯಿತು?

2016ರ ಡಿಸೆಂಬರ್ 23ರಂದು ಬರಾಕ್ ಒಬಾಮ ಸಹಿ ಹಾಕಿದ ಅಮೆರಿಕದ ವಾರ್ಷಿಕ ರಕ್ಷಣಾ ಕಾಯ್ದೆಯ ನಡುವೆ ಒಂದು ಪುಟ್ಟ ಕಲಮು ಇತ್ತು. ಅದರಲ್ಲಿ ಇದ್ದದ್ದು ಇಬ್ಬರ ಹೆಸರು: ಜೇಮ್ಸ್ ಮೆಕ್‌ಕ್ಲೊಗನ್ ಮತ್ತು ಗ್ಯಾರಿ ರೋಸ್. ಇಬ್ಬರೂ ವಿಯೆಟ್ನಾಂ ಯುದ್ಧಕಾಲದ ಸೇನಾ ವೈದ್ಯಕೀಯ ಸಹಾಯಕರು, ತಾವೇ ಗಾಯಗೊಂಡಿದ್ದರೂ ಗಾಯಾಳುಗಳನ್ನು ಬಿಟ್ಟು ಬಾರದವರು. ಅವರಿಗೆ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಕೊಡಲು ಅಧ್ಯಕ್ಷರಿಗೆ ಅನುಮತಿ ನೀಡುವುದಷ್ಟೇ ಆ ಕಲಮಿನ ಕೆಲಸ. ಪದಕ ಕೊಡುವ ಅಧಿಕಾರವುಳ್ಳ ಅಧ್ಯಕ್ಷರಿಗೇ ಅನುಮತಿ ಏಕೆ?

ಉತ್ತರ ಸಿಗುವುದು 1863ರಲ್ಲಿ. ಅಮೆರಿಕದ ಅಂತರ್ಯುದ್ಧದ ಆ ವರ್ಷ ಮೇಯ್ನ್ ರಾಜ್ಯದ 27ನೇ ರೆಜಿಮೆಂಟಿನ ಸೇವಾವಧಿ ಮುಗಿಯುತ್ತಿತ್ತು. ವಾಷಿಂಗ್ಟನ್ ಕಾಯಲು ಇನ್ನಷ್ಟು ದಿನ ಉಳಿಯುವವರಿಗೆ ಪದಕ ಕೊಡುತ್ತೇವೆಂದು ಆಸೆ ತೋರಿಸಲಾಯಿತು. ಉಳಿದವರು ಸುಮಾರು 300 ಮಂದಿ. ಪಟ್ಟಿ ಗೊಂದಲದಿಂದಾಗಿ ಪದಕ ತಯಾರಾದದ್ದು ಮಾತ್ರ 864! ಕೊನೆಗೆ ಜನರಲ್ ನೆಲ್ಸನ್ ಮೈಲ್ಸ್ ನೇತೃತ್ವದ ಮಂಡಳಿ 1917ರಲ್ಲಿ ಈ 864 ಸೇರಿ 911 ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿತು. ವೈದ್ಯೆ ಮೇರಿ ವಾಕರ್ ಹೆಸರೂ ಹೋಯಿತು, ಮರಳಿ ಬಂದದ್ದು 1977ರಲ್ಲಿ. ಇಂಥ ಅಗ್ಗದ ಹಂಚಿಕೆ ಮತ್ತೆ ಆಗದಿರಲೆಂದು 1918ರ ಕಾಯ್ದೆ ಗಡುವು ಹಾಕಿತು: ಸಾಹಸ ನಡೆದ 2 ವರ್ಷದೊಳಗೆ ಶಿಫಾರಸು, 3 ವರ್ಷದೊಳಗೆ ಪದಕ. ಈಗ ಅದು 3 ಮತ್ತು 5 ವರ್ಷ.

ಗಡುವಿನ ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಯುದ್ಧಭೂಮಿಯಲ್ಲಿ ಶಿಫಾರಸು ಬರೆಯಬೇಕಾದ ಅಧಿಕಾರಿಯೇ ಸತ್ತರೆ? ಕಡತ ಕಳೆದರೆ? ಬರೆಯುವವನಿಗೆ ಯೋಧನ ಬಣ್ಣವೇ ಅಡ್ಡಿಯಾದರೆ? ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರಲ್ಲಿ ಒಬ್ಬರಿಗೂ ಆ ಕಾಲದಲ್ಲಿ ಈ ಪದಕ ಸಿಗಲಿಲ್ಲ. 1997ರಲ್ಲಿ ಏಳು ಮಂದಿಗೆ ಕೊಟ್ಟಾಗ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ. ಅದೇ ಯುದ್ಧದಲ್ಲಿ ಇಟಲಿಯಲ್ಲಿ ಬಲಗೈ ಕಳೆದುಕೊಂಡ, ಜಪಾನಿ ಮೂಲದ ಡ್ಯಾನಿಯಲ್ ಇನೌಯೆಗೆ ಪದಕ ಬಂದದ್ದು 2000ದಲ್ಲಿ. ಅಷ್ಟರಲ್ಲಿ ಅವರು ಎಷ್ಟೋ ವರ್ಷಗಳ ಸೆನೆಟರ್.

1996ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಂದು ಹಿಂಬಾಗಿಲು ತೆರೆಯಿತು. ಗಡುವು ಮೀರಿದ ಪ್ರಸ್ತಾವವನ್ನು ಕಾಂಗ್ರೆಸ್ ಸದಸ್ಯರೊಬ್ಬರು ಕಳಿಸಿದರೆ ಸೇನೆ ಅದನ್ನು ಅರ್ಹತೆಯ ಮೇಲೆ ಪರಿಶೀಲಿಸಲೇಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಭೂಸೇನೆಗೆ ಬೇಕಿರುವುದು ಪದಕದ ಶಿಫಾರಸಿಗೆಂದೇ ಇರುವ 638ನೇ ನಮೂನೆಯ ಅರ್ಜಿ, ಘಟನೆಯ ವಿವರಣೆ, ಪ್ರಶಸ್ತಿಪತ್ರದ ಕರಡು ಮತ್ತು ಕಣ್ಣಾರೆ ಕಂಡವರ ಹೇಳಿಕೆ. ಕುಟುಂಬದವರು ಪತ್ರಿಕಾ ತುಣುಕು ಕಳಿಸಿದರೆ ಸಾಲದು. ಅದೇ ಸಾಹಸಕ್ಕೆ ಮೊದಲೇ ಸಣ್ಣ ಪದಕ ಸಿಕ್ಕಿದ್ದರೆ, ಅಂದು ಯಾರೂ ನೋಡಿರದ ಹೊಸ ಸಾಕ್ಷ್ಯ ಬೇಕು. ಹಳಬರಿಗೆ ಇನ್ನೊಂದು ತೊಡಕು: 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನಾ ಸಿಬ್ಬಂದಿಯ ಸುಮಾರು ಶೇ 80 ಕಡತಗಳು ಹೋದವು. (ಗಾಯಕ್ಕೆ ಕೊಡುವ ಪರ್ಪಲ್ ಹಾರ್ಟ್‌ಗೆ ಗಡುವಿಲ್ಲ, ಅದಕ್ಕೆ ಬೇಕಿರುವುದು ಶತ್ರುವಿನಿಂದಾದ ಗಾಯ ಮತ್ತು ಚಿಕಿತ್ಸೆಯ ಪುರಾವೆ.)

ಸೇನೆ ಒಪ್ಪಿದರೂ ಗಡುವು ಹಾಗೇ ನಿಂತಿರುತ್ತದೆ. ಅದನ್ನು ಸಡಿಲಿಸಲು ಹೆಸರು ಹಿಡಿದೇ ಕಾನೂನು ಆಗಬೇಕು. ಪ್ರತ್ಯೇಕ ಮಸೂದೆ ಸಮಿತಿಯಲ್ಲಿ ಕೊಳೆಯುವ ಸಂಭವ ಹೆಚ್ಚು, ಹಾಗಾಗಿ ಪ್ರತಿವರ್ಷ ತಪ್ಪದೆ ಅಂಗೀಕಾರವಾಗುವ ರಕ್ಷಣಾ ಕಾಯ್ದೆಗೆ ಅದನ್ನು ಪೋಣಿಸುವುದು ರೂಢಿ. ಆ ಕಾನೂನೂ ಪದಕ ಕೊಡುವುದಿಲ್ಲ. ಕೊಡಬಹುದು ಎನ್ನುತ್ತದೆ, ಅಷ್ಟೇ. ಕೊನೆಯ ಮಾತು ಅಧ್ಯಕ್ಷರದ್ದು.

ಮೆಕ್‌ಕ್ಲೊಗನ್ 1969ರ ಮೇ 13ರಿಂದ 15ರವರೆಗೆ ವಿಯೆಟ್ನಾಂನ ನುಯ್ ಯೊನ್ ಗುಡ್ಡದ ಬಳಿ 10 ಜನರನ್ನು ಉಳಿಸಿದ್ದರು. ಆಗ ಸಿಕ್ಕದ್ದು ಕೆಳದರ್ಜೆಯ ಪದಕವಾದ ಬ್ರಾಂಜ್ ಸ್ಟಾರ್. ಹಳೆಯ ಪ್ಲಟೂನ್ ನಾಯಕ ಎರಡನೇ ದರ್ಜೆಯ ಪದಕಕ್ಕೆಂದು ಕಡತ ಎಬ್ಬಿಸಿದ್ದು, ಪರಿಶೀಲನೆಯಲ್ಲಿ ಅದು ಮೊದಲನೇ ದರ್ಜೆಗೇರಿತು. 2017ರ ಜುಲೈ 31ರಂದು ಪದಕ ಕೊರಳಿಗೆ ಬಿದ್ದಾಗ ಅವರಿಗೆ 71. ರೋಸ್ 1970ರಲ್ಲಿ ಕಾದಾಡಿದ್ದು ಲಾವೋಸ್‌ನಲ್ಲಿ; ಅಮೆರಿಕನ್ನರು ಅಲ್ಲಿದ್ದದ್ದೇ ಗುಟ್ಟಾಗಿದ್ದರಿಂದ ಅವರ ಸಾಹಸವೂ ದಶಕಗಳ ಕಾಲ ಗುಟ್ಟಾಗಿ ಉಳಿಯಿತು. ಅವರ ಸರದಿ ಅದೇ 2017ರ ಅಕ್ಟೋಬರ್ 23ಕ್ಕೆ ಬಂತು.