ಎಲೆಯಲ್ಲೇ ಸಿಕ್ಕಿಕೊಂಡ ಸಕ್ಕರೆ

ಜುಲೈನಲ್ಲಿ ಬೀದರ್ ಕಡೆಯ ಹೆಸರು ಹೊಲಗಳಲ್ಲಿ ಹಸಿರಿನ ನಡುವೆ ಅಲ್ಲಲ್ಲಿ ಹಳದಿ ಗಿಡಗಳು ಕಣ್ಣಿಗೆ ಬೀಳುತ್ತವೆ. ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ಒಂದೇ ಸಮ ಹಳದಿಯಲ್ಲ, ಹಸಿರು-ಹಳದಿ ಮಚ್ಚೆಗಳ ಬೆರಕೆ. ಗೊಬ್ಬರ ಸಾಲದು ಅಂತ ಯೂರಿಯಾ ಹಾಕುವವರೂ ಇದ್ದಾರೆ. ಸುಮ್ನೆ ದುಡ್ಡು ದಂಡ. ಇದು ಬಿಳಿ ನೊಣ ಹರಡುವ ಹಳದಿ ನಂಜು ರೋಗ, ವೈರಸ್ಸಿನ ಕೆಲಸ.

ಬಿಳಿ ನೊಣಕ್ಕೆ ಬೇಕಾಗಿರೋದು ಎಲೆಯ ನರದಲ್ಲಿ ಹರಿಯುವ ಸಕ್ಕರೆ ರಸ. ಸೂಜಿ ಬಾಯಿಯನ್ನು ಅಲ್ಲಿಗೇ ಇಳಿಸುತ್ತದೆ. ಜೊತೆಗೆ ಬಂದ ವೈರಸ್ಸೂ ಹೆಚ್ಚಾಗಿ ಆ ರಸ ಸಾಗಿಸುವ ಫ್ಲೋಯಂ ಅನ್ನುವ ಕೋಶಗಳಲ್ಲೇ ಬೀಡು ಬಿಡುತ್ತದೆ. ಎಲೆ ಮಾಡಿದ ಸಕ್ಕರೆ ಬೇರಿಗೆ, ಹೂವಿಗೆ, ಕಾಯಿಗೆ ಹೋಗುವ ದಾರಿಯೂ ಅದೇ.

ಹಗಲು ಮಿಕ್ಕ ಸಕ್ಕರೆಯನ್ನು ಎಲೆ ಪಿಷ್ಟ ಮಾಡಿ ಇಟ್ಟುಕೊಂಡು, ರಾತ್ರಿ ಕರಗಿಸಿ ಕಳಿಸುತ್ತದೆ. ವೈರಸ್ ಹೊಕ್ಕ ಎಷ್ಟೋ ಗಿಡಗಳಲ್ಲಿ ಈ ಸಾಗಣೆ ಕುಂಟುತ್ತದೆ. ಆಲೂಗಡ್ಡೆಯ ಎಲೆಸುರುಳಿ ರೋಗದಲ್ಲಂತೂ ಕೆಳಗಿನ ಎಲೆಗಳು ಪಿಷ್ಟ ತುಂಬಿ ಗಡುಸಾಗುತ್ತವೆ, ಕೈಯಾಡಿಸಿದರೆ ಪರಪರ ಅನ್ನುತ್ತವೆ. ಮಣ್ಣೊಳಗಿನ ಗೆಡ್ಡೆ ಮಾತ್ರ ಸಣ್ಣದು. ರಾಶಿ ಮಾಡಿದ ಕಾಳು ಅಡತಿಗೆ ಹೋಗದೆ ಕಣದಲ್ಲೇ ಬಿದ್ದಿದ್ದರೆ ಮುಂದಿನ ರಾಶಿ ಮಾಡೋದೆಲ್ಲಿ? ಸಕ್ಕರೆ ಜಾಸ್ತಿಯಾದ ಎಲೆಯೂ ಹಾಗೇ, ಹೊಸದಾಗಿ ಮಾಡುವುದನ್ನೇ ತಗ್ಗಿಸುತ್ತದೆ.

ವೈರಸ್ಸಿನ ಕಿತಾಪತಿ ಎಷ್ಟು ಆಳದ್ದು ಅಂತ ಗೊತ್ತಾಗಿದ್ದು ತಂಬಾಕಿನಲ್ಲಿ. ಗಿಡದ ಕೋಶಗಳ ನಡುವೆ ಬಹಳ ಸಣ್ಣ ಕಿಂಡಿಗಳಿವೆ. ಅವುಗಳಲ್ಲಿ ನುಸುಳಿ ಪಕ್ಕದ ಕೋಶಕ್ಕೆ ಹೋಗಲೆಂದೇ ತಂಬಾಕಿನ ಮೊಸಾಯಿಕ್ ವೈರಸ್ ಒಂದು ಪ್ರೋಟೀನ್ ತಯಾರಿಸುತ್ತದೆ. ಆ ಪ್ರೋಟೀನಿನ ಜೀನನ್ನಷ್ಟೇ ಸೇರಿಸಿದ ತಂಬಾಕು ಗಿಡಗಳನ್ನು 1989ರಲ್ಲಿ ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿದರು. ವೈರಸ್ಸಿಲ್ಲ, ರೋಗವಿಲ್ಲ. ಆದರೂ ಕಿಂಡಿಗಳಲ್ಲಿ ಮೊದಲಿಗಿಂತ ಸುಮಾರು 10 ಪಟ್ಟು ತೂಕದ ಅಣುಗಳು ದಾಟಿದವು.

ಕಿಂಡಿ ದೊಡ್ಡದಾದರೆ ಸಕ್ಕರೆ ಇನ್ನೂ ಸಲೀಸಾಗಿ ಹೋಗಬೇಕಲ್ವಾ? ಆಗಿದ್ದು ಉಲ್ಟಾ. ಕೆಲವು ವರ್ಷಗಳ ನಂತರ ಅಂಥ ಗಿಡಗಳನ್ನು ಅಳೆದು ನೋಡಿದಾಗ ಎಲೆಯಲ್ಲಿ ಸಕ್ಕರೆ, ಪಿಷ್ಟ ಜಾಸ್ತಿ. ಬೇರಿಗೆ ಸಿಕ್ಕ ಪಾಲು ಕಡಿಮೆ. ಅಂದರೆ ಆ ಪ್ರೋಟೀನ್ ದಾರಿ ಅಗಲ ಮಾಡಿ ಸುಮ್ಮನಾಗುವುದಿಲ್ಲ, ಯಾರಿಗೆಷ್ಟು ಅನ್ನುವ ಹಂಚಿಕೆಯಲ್ಲೂ ಕೈ ಹಾಕುತ್ತದೆ. ನನಗೆ ಇಡೀ ಕಥೆಯಲ್ಲಿ ಬೆರಗು ಹುಟ್ಟಿಸಿದ್ದು ಇದೇ.

ಎಲ್ಲ ವೈರಸ್ಸುಗಳದ್ದೂ ಒಂದೇ ಚಾಳಿಯಲ್ಲ. ಸೌತೆಯ ಮೊಸಾಯಿಕ್ ವೈರಸ್ ತಗುಲಿದ ಕರಬೂಜದ ಎಲೆಯಲ್ಲಿ ಪಿಷ್ಟ ಕಡಿಮೆಯಾಗುತ್ತದೆ.

ಹೆಸರು ಬೆಳೆಯಲ್ಲಿ ರೋಗ ಯಾವಾಗ ಬಂತು ಅನ್ನೋದು ಮುಖ್ಯ. ಸಸಿಯಲ್ಲೇ ತಗುಲಿದರೆ ಕಾಯಿ ಕಟ್ಟುವುದೇ ಅಪರೂಪ. ಕಾಯಿ ತುಂಬುವಾಗ ಬಂದರೆ ಒಂದಿಷ್ಟು ಕಾಳಾದರೂ ಕೈಗೆ ಬರುತ್ತದೆ. ಔಷಧಿ ಹೊಡೆದರೆ ನೊಣ ಸಾಯಬಹುದು, ಒಳಗೆ ಹೊಕ್ಕ ವೈರಸ್ ಸಾಯುವುದಿಲ್ಲ. ಅದಕ್ಕೇ ಮೊದಲು ಕಂಡ ಹಳದಿ ಗಿಡಗಳನ್ನು ಕಿತ್ತು ಹೊಲದಾಚೆ ಹಾಕಿ ಅನ್ನುವುದು.